ತುದಿ ಮುಟ್ಟದ ನಡಿಗೆ

ಕಲಬುರಗಿಯ ಶಹಾಬಜಾರದ ಸಮತಟ್ಟಾದ ಬೀದಿಗಳಲ್ಲಿ ನಡೆದು ಬೆಳೆದ ಕಾಲುಗಳಿಗೆ ಬಿಸಿಲು ಗೊತ್ತು, ಏರು ಗೊತ್ತಿಲ್ಲ. ಕುಕ್ಕೆ ಸುಬ್ರಹ್ಮಣ್ಯದಿಂದ 1,712 ಮೀಟರ್ ಎತ್ತರದ ಕುಮಾರ ಪರ್ವತವನ್ನು ಹತ್ತಿ ಅದೇ ದಿನ ಇಳಿಯಬೇಕೆಂದರೆ 20 ಕಿಲೋಮೀಟರಿಗೂ ಮೀರಿದ ನಡಿಗೆ. ಫಜ್ರ್ ನಮಾಝ್ ಮುಗಿಸಿ ಹೊರಟೆವು. ಗಿರಿಗದ್ದೆಯವರೆಗೆ ದಟ್ಟ ಕಾಡಿನ ನೆರಳು. ಅನಂತರ ಬಯಲು ಹುಲ್ಲುಗಾವಲು, ನೆತ್ತಿಯ ಮೇಲೆ ಸೂರ್ಯ. ಅಲ್ಲಿ ದೇಹಕ್ಕಿಂತ ಮೊದಲು ಮನಸ್ಸು ದಣಿಯುತ್ತದೆ. ಇದೇ ಶಿಖರವೆಂದು ಏರಿದರೆ ಅದರ ಹಿಂದೆ ಮತ್ತೊಂದು ಕಾಣಿಸುತ್ತದೆ.

ಶೇಷ ಪರ್ವತದ ಬಳಿ ನಮ್ಮ ಹಿರಿಯ ಸಂಗಾತಿಯ ಮೊಣಕಾಲು ಸೋತಿತು. ತುದಿ ಕಣ್ಣೆದುರೇ ಇತ್ತು. "ನೀವು ಹೋಗಿ ಬನ್ನಿ ಮೌಲಾನಾ, ನಾನು ಇಲ್ಲೇ ಕೂತಿರುತ್ತೇನೆ" ಎಂದರು. ಆದರೆ ಮೊಣಕಾಲಿಗೆ ಏರಿಗಿಂತ ಇಳಿಜಾರೇ ಹೆಚ್ಚು ಭಾರ. ಕತ್ತಲಾಗುವ ಮುನ್ನ ಅವರನ್ನು ನಿಧಾನವಾಗಿ ಇಳಿಸಬೇಕಿತ್ತು.

ಜಮಾಅತ್‌ನಲ್ಲಿ ವೃದ್ಧರೂ ದುರ್ಬಲರೂ ಇರುವುದರಿಂದ ಇಮಾಮರು ನಮಾಝನ್ನು ದೀರ್ಘಗೊಳಿಸಬಾರದೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಪ್ರತಿವರ್ಷ ಮಕ್ಕಳಿಗೆ ಬೋಧಿಸುವ ಈ ಪಾಠದ ತೂಕ ಅಂದು ನನಗೆ ತಿಳಿಯಿತು. ಎಲ್ಲರೂ ಜೊತೆಯಾಗಿ ಹಿಂದಿರುಗಿದೆವು. ದಿನದ ಅತಿ ಕಠಿಣ ಹೆಜ್ಜೆ ಅದೇ ಆಗಿತ್ತು.

ಪ್ರಿಯರೇ, ಮನೆಯಲ್ಲೂ ಮೊಹಲ್ಲಾದಲ್ಲೂ ಹಿಂದುಳಿದವರ ಹೆಜ್ಜೆಗೆ ನಮ್ಮ ಹೆಜ್ಜೆಯನ್ನು ಹೊಂದಿಸುವ ಸಹನೆಯನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.