ಇಂಗ್ಲಿಷಿಗೊಂದು ವಾರದ ಪಟ್ಟಿ

ನಮ್ಮ ದ್ವಿತೀಯ ಪಿಯುಸಿ ಕಾಮರ್ಸ್ ತರಗತಿಯಲ್ಲಿ ಅಕೌಂಟೆನ್ಸಿಗೆ ಹೆದರುವವರು ಕಡಿಮೆ. ಡೆಬಿಟ್, ಕ್ರೆಡಿಟ್ ತಾಳೆಯಾಗದಿದ್ದರೆ ಮತ್ತೊಮ್ಮೆ ಕೂಡಿಸಿ ನೋಡುತ್ತೇವೆ, ಬಿಟ್ಟುಹೋದದ್ದು ಎಲ್ಲೋ ಸಿಕ್ಕೇ ಸಿಗುತ್ತದೆ. ಆದರೆ ಇಂಗ್ಲಿಷ್ ಪೀರಿಯಡ್‌ನಲ್ಲಿ ಮೇಡಂ ಪ್ರಶ್ನೆ ಕೇಳಿದರೆ ಹಿಂದಿನ ಮೂರು ಬೆಂಚಿನವರ ತಲೆ ಒಟ್ಟಿಗೆ ತಗ್ಗುತ್ತದೆ. ಆ ಮೂರು ಬೆಂಚಿನಲ್ಲಿ ಹೆಚ್ಚಿನವರು ಎಸೆಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ನಾನೂ ಅವರಲ್ಲಿ ಒಬ್ಬಳು. ಈ ಬರಹ ಮುಖ್ಯವಾಗಿ ಆ ಬೆಂಚಿನವರಿಗೆ.

ಹಾಗೆಂದು ನಮಗೆ ಭಾಷೆ ಕಲಿಯಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನನ್ನ ಮನೆಮಾತು ಬ್ಯಾರಿ. ಅಂಗಡಿಯಲ್ಲಿ, ಬಸ್ಸಿನಲ್ಲಿ ತುಳು. ಶಾಲೆಯಲ್ಲಿ ಕನ್ನಡ, ಹೈಸ್ಕೂಲಿನಲ್ಲಿ ಹಿಂದಿ. ಮದ್ರಸದಲ್ಲಿ ಅರಬಿ ಮಲಯಾಳಂ ಲಿಪಿಯ ಪುಸ್ತಕ. ನಮ್ಮ ಕಡೆಯ ಹತ್ತು ವರ್ಷದ ಮಕ್ಕಳೂ ಮೂರು ಭಾಷೆಯಲ್ಲಿ ಜಗಳ ಆಡಬಲ್ಲರು. ಇವು ಯಾವುವನ್ನೂ ನಾವು ಪಟ್ಟಿ ಹಾಕಿ ಕಲಿಯಲಿಲ್ಲ. ಕಿವಿಗೆ ದಿನವೂ ಬಿದ್ದವು, ಬಾಯಿಗೆ ಬಂದವು. ಇಂಗ್ಲಿಷ್ ಮಾತ್ರ ನಮ್ಮ ಕಿವಿಗೆ ಬೀಳುವುದು ತರಗತಿಯ ಆ ಒಂದು ಪೀರಿಯಡ್‌ನಲ್ಲಿ. ತಾನಾಗಿ ಬಾರದ ಭಾಷೆಯನ್ನು ನಾವೇ ಹೋಗಿ ಕರೆದು ತರಬೇಕು. ಅದಕ್ಕೆ ನನಗೆ ಬೇಕಾದದ್ದು ಒಂದು ವಾರದ ಪಟ್ಟಿ.

ಪಟ್ಟಿಗೆ ಒಂದು ಕಾರಣವೂ ಇತ್ತು. ನನ್ನ ಅಕ್ಕ 2023ರಲ್ಲಿ ದ್ವಿತೀಯ ಪಿಯುಸಿ ಬರೆದವಳು. ಐದು ವಿಷಯ ಪಾಸಾಗಿ ಇಂಗ್ಲಿಷ್ ಉಳಿಯಿತು. ಸಪ್ಲಿಮೆಂಟರಿಯ ಹೊತ್ತಿಗೆ ಉಮ್ಮನಿಗೆ ಆಪರೇಷನ್ ಆಗಿತ್ತು, ಅಕ್ಕ ಬರೆಯಲಿಲ್ಲ. ಆಮೇಲೆ ಆ ಮಾತು ಮನೆಯಲ್ಲಿ ನಿಂತೇಹೋಯಿತು. ಈಗ ಅವಳು ಉಮ್ಮನ ಪಕ್ಕದಲ್ಲಿ ಕೂತು ಬೀಡಿ ಕಟ್ಟುತ್ತಾಳೆ. ನಾನು ಓದುವ ಇಂಗ್ಲಿಷ್ ಪುಸ್ತಕ ಅವಳದ್ದೇ. ಪ್ರತಿ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಅವಳು ಬರೆದ ಕನ್ನಡ ಅರ್ಥಗಳಿವೆ. ಅರ್ಧವಾರ್ಷಿಕದಲ್ಲಿ ನನಗೆ 80ರಲ್ಲಿ 27 ಬಂದಾಗ ಉಪ್ಪ ಬೈಯಲಿಲ್ಲ. "ಪಾಸಾದರೆ ಡಿಗ್ರಿಗೆ ಕಳಿಸುತ್ತೇನೆ, ಬಸ್ಸಿನ ಪಾಸಿನ ಚಿಂತೆ ನನಗಿರಲಿ" ಎಂದಷ್ಟೇ ಹೇಳಿದರು. ಅಕ್ಕ ಆಗ ತಲೆ ಎತ್ತದೆ ಬೀಡಿ ಕಟ್ಟುತ್ತಿದ್ದಳು.

ಮರುದಿನ ನಾನು ಮೇಡಂ ಬಳಿ ಹೋಗಿ "ಇಂಗ್ಲಿಷಿಗೆ ಹೇಗೆ ಓದುವುದು ಮೇಡಂ?" ಎಂದು ಕೇಳಿದೆ. ಅವರು ಪುಸ್ತಕದ ಹೆಸರು ಹೇಳಲಿಲ್ಲ, ಗೈಡ್ ಕೊಡಲಿಲ್ಲ. "ವಾರದಲ್ಲಿ ನಿನ್ನ ಕೈಯಲ್ಲಿ ಎಷ್ಟು ಗಂಟೆ ಉಂಟು, ಮೊದಲು ಅದನ್ನು ಬರೆದು ತಾ" ಎಂದರು. ಬರೆದು ನೋಡಿದೆ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಸಂಜೆ ಐದೂವರೆಗೆ ವಾಪಸ್. ಆಮೇಲೆ ನೀರು, ಪಾತ್ರೆ, ತಮ್ಮನ ಹೋಂವರ್ಕ್, ಮಗ್ರಿಬ್, ರಾತ್ರಿ ಊಟ. ಉಳಿದದ್ದರಲ್ಲಿ ಬೇರೆ ಐದು ವಿಷಯ. ಕೊನೆಗೆ ಇಂಗ್ಲಿಷಿಗೆ ಸಿಕ್ಕಿದ್ದು ಸುಬ್ಹಿ ನಮಾಝ್ ಆದ ಮೇಲೆ ಅರ್ಧ ಗಂಟೆ, ಆರು ದಿನ. ಭಾನುವಾರ ಒಂದೂವರೆ ಗಂಟೆ. ವಾರಕ್ಕೆ ಒಟ್ಟು ನಾಲ್ಕೂವರೆ ಗಂಟೆ. ನವೆಂಬರ್ ಎರಡನೇ ವಾರದಿಂದ ಫೆಬ್ರವರಿ ಕೊನೆಯವರೆಗೆ 15 ವಾರ ಎಂದು ಹಿಡಿದರೆ 67 ಗಂಟೆಗೂ ಮೇಲೆ. ಸಮಯವೇ ಇಲ್ಲ ಎಂದುಕೊಂಡಿದ್ದವಳಿಗೆ 67 ಗಂಟೆ ಎಂಬ ಅಂಕಿ ಕಾಗದದ ಮೇಲೆ ಕಂಡಾಗ ಧೈರ್ಯ ಬಂತು.

ಆ ಗಂಟೆಗಳನ್ನು ಹಂಚುವುದನ್ನು ನಾನು ಉಮ್ಮನ ಕೆಲಸ ನೋಡಿ ಕಲಿತೆ. ಬೀಡಿ ಕಟ್ಟುವವರು ಎಲ್ಲವನ್ನೂ ಒಂದೇ ಸಲ ಮಾಡುವುದಿಲ್ಲ. ಎಲೆ ನೀರಲ್ಲಿ ನೆನೆಸುವುದು ಒಂದು ಹೊತ್ತು, ಅಳತೆಗೆ ಕತ್ತರಿಸುವುದು ಇನ್ನೊಂದು ಹೊತ್ತು, ಹೊಗೆಸೊಪ್ಪು ತುಂಬಿ ಸುರುಟಿ ನೂಲು ಸುತ್ತುವುದು ಮತ್ತೊಂದು ಹೊತ್ತು. ಕೊನೆಗೆ ಎಣಿಸಿ ಕಟ್ಟು ಮಾಡುವುದು. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಆದರೆ ಉಮ್ಮ ಸಾವಿರವನ್ನು ನೆನೆದು ಕೂರುವುದಿಲ್ಲ, ಮುಂದಿರುವ ಗೆರಸೆಯನ್ನು ಮಾತ್ರ ನೋಡುತ್ತಾರೆ. ಹಿಂದಿನ ದಿನ ಎಲೆ ನೆನೆಸಿರದಿದ್ದರೆ ಮರುದಿನ ಕೈ ಖಾಲಿ. ನನ್ನ ಪಟ್ಟಿಯೂ ಹಾಗೆಯೇ ಆಯಿತು. ಒಂದು ವಾರಕ್ಕೆ ಒಂದೇ ಪಾಠ. ಅದರ ಬೇರೆ ಬೇರೆ ಕೆಲಸ ಬೇರೆ ಬೇರೆ ದಿನ.

ಸೋಮವಾರ ಓದುವ ದಿನ. ಪಾಠವನ್ನು ಅಥವಾ ಪದ್ಯವನ್ನು ಗಟ್ಟಿಯಾಗಿ ಎರಡು ಸಲ ಓದುತ್ತೇನೆ. ಗೊತ್ತಿಲ್ಲದ ಪದಗಳಲ್ಲಿ ಹತ್ತನ್ನು ಮಾತ್ರ ಆರಿಸಿ, ಒಂದೊಂದಕ್ಕೂ ನಮ್ಮ ಮನೆಯ ವಿಷಯದ ಒಂದು ವಾಕ್ಯ ಬರೆಯುತ್ತೇನೆ. ಮಂಗಳವಾರ ಒಂದು ಅಂಕದ ಪ್ರಶ್ನೆಗಳು. ಬುಧವಾರ ನಾಲ್ಕು ಅಂಕದ ಒಂದು ಉತ್ತರ, 80ರಿಂದ 100 ಪದ, ಗಡಿಯಾರ ಎದುರಿಗಿಟ್ಟು. ಗುರುವಾರ ವ್ಯಾಕರಣ. ಶುಕ್ರವಾರ ಸಂಭಾಷಣೆ. ಶನಿವಾರ ಅರ್ಜಿ ಪತ್ರ, ನೋಟ್ ಮೇಕಿಂಗ್ ಅಥವಾ ಭಾಷಣ ಬರೆಯುವುದು, ಇವುಗಳಲ್ಲಿ ಒಂದು. ಭಾನುವಾರ ಹಳೆಯ ಪ್ರಶ್ನೆಪತ್ರಿಕೆಯ ಅರ್ಧ ಭಾಗ, ಆಮೇಲೆ ಹಿಂದಿನ ವಾರದ ಪಾಠ ಮತ್ತು ತಿಂಗಳ ಹಿಂದಿನ ಒಂದು ಪಾಠದ ಮೇಲೆ ಕಣ್ಣಾಡಿಸುವುದು. ಭಾನುವಾರ ರಾತ್ರಿ ಮಲಗುವ ಮೊದಲು ಮುಂದಿನ ಪಾಠದ ಪುಟಕ್ಕೆ ಗುರುತಿನ ಕಾಗದ ಇಟ್ಟುಬಿಡುತ್ತೇನೆ. ನನ್ನ ಎಲೆ ನೆನೆಸುವ ಕೆಲಸ ಅದು.

ಗುರುವಾರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಬೆಂಚಿನವರಿಗೆ ಅಂಕ ಹೋಗುವುದೂ ಅಲ್ಲೇ, ಬೇಗ ಬರುವುದೂ ಅಲ್ಲೇ. ಕನ್ನಡ, ತುಳು, ಬ್ಯಾರಿ ಮೂರರಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಕರ್ತೃವಿನ ಬೆನ್ನಿಗೇ ಬರುತ್ತದೆ. ನಾವು ಮನೆ ಎಂದ ಮೇಲೆ 'ಅಲ್ಲಿ' ಸೇರಿಸಿ 'ಮನೆಯಲ್ಲಿ' ಎನ್ನುತ್ತೇವೆ, ಅವರು 'ಇನ್' ಎಂಬುದನ್ನು ಮನೆಗಿಂತ ಮೊದಲೇ ಇಡುತ್ತಾರೆ. 'ಎ', 'ಆ್ಯನ್', 'ದ' ಎಂಬವುಗಳಿಗೆ ಸರಿಸಮನಾದದ್ದು ನಮ್ಮಲ್ಲಿಲ್ಲ. ವರದಿ ಮಾತಿನಲ್ಲಂತೂ ವ್ಯತ್ಯಾಸ ಇನ್ನೂ ದೊಡ್ಡದು. 'ನಾನು ನಾಳೆ ಬರುತ್ತೇನೆ ಎಂದು ಅವಳು ಹೇಳಿದಳು' ಎನ್ನುವಾಗ ನಾವು ಅವಳ ಮಾತನ್ನು ಮುಟ್ಟುವುದೇ ಇಲ್ಲ, 'ಎಂದು' ಸೇರಿಸಿದರೆ ಮುಗಿಯಿತು. ಇಂಗ್ಲಿಷಿನಲ್ಲಿ 'ನಾನು' ಹೋಗಿ 'ಅವಳು' ಆಗಬೇಕು, ಕಾಲ ಒಂದು ಹೆಜ್ಜೆ ಹಿಂದೆ ಸರಿಯಬೇಕು, 'ನಾಳೆ' ಹೋಗಿ 'ಮರುದಿನ' ಆಗಬೇಕು. ನಾನು ಈ ವ್ಯತ್ಯಾಸಗಳನ್ನು ಒಂದು ಪುಟದಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಎಂದು ಬರೆದುಕೊಂಡೆ. ಎಲ್ಲೆಲ್ಲಿ ಎಡವುತ್ತೇವೆ ಎಂದು ಮೊದಲೇ ಗೊತ್ತಿದ್ದರೆ ಆ ಜಾಗಗಳಲ್ಲಿ ನಿಧಾನವಾಗಿ ನಡೆಯಬಹುದು. ವಾರಕ್ಕೆ ಒಂದೇ ವಿಷಯ ಸಾಕು: ಒಂದು ಗುರುವಾರ ಪ್ಯಾಸಿವ್ ವಾಯ್ಸ್, ಇನ್ನೊಂದು ಗುರುವಾರ ಲಿಂಕರ್‌ಗಳು.

ಶುಕ್ರವಾರದ ಕೆಲಸಕ್ಕೆ ಬೆಳಗಿನ ಅರ್ಧ ಗಂಟೆ ಬೇಕಾಗುವುದಿಲ್ಲ. ನಮ್ಮ ಕಾಲೇಜಿನಲ್ಲಿ ಜುಮಾ ಇರುವುದರಿಂದ ಮಧ್ಯಾಹ್ನದ ಬಿಡುವು ಉದ್ದ. ಊಟದ ಡಬ್ಬಿ ಮುಚ್ಚಿದ ಮೇಲೆ ನಾವು ನಾಲ್ಕು ಜನ ರೀಡಿಂಗ್ ರೂಮಿನ ಹೊರಗಿನ ಕಟ್ಟೆಯಲ್ಲಿ ಕೂರುತ್ತೇವೆ. ಒಬ್ಬಳು ಬ್ಯಾಂಕ್ ಮ್ಯಾನೇಜರ್, ಒಬ್ಬಳು ಖಾತೆ ತೆರೆಯಲು ಬಂದವಳು. ಇಬ್ಬರು ಕೇಳುವವರು. ಮೊದಲ ವಾರ ನಕ್ಕು ನಕ್ಕು ಸಾಕಾಯಿತು. "ಮಾರಾಯ್ತಿ, ಮ್ಯಾನೇಜರ್ ಗ್ರಾಹಕರಿಗೆ ಹೀಗೆ ಬೈಯುತ್ತಾರಾ?" ಎಂದು ಒಬ್ಬಳು ಕೇಳಿದಳು. ಮೂರನೇ ವಾರದಿಂದ ವಾಕ್ಯಗಳು ಪೂರ್ತಿಯಾಗತೊಡಗಿದವು. ನಕ್ಕದ್ದು ವ್ಯರ್ಥವಾಗಲಿಲ್ಲ, ನಾಲ್ಕು ಜನರ ಎದುರು ಬಾಯಿಬಿಟ್ಟ ಮೇಲೆ ತರಗತಿಯಲ್ಲಿ ಕೈ ಎತ್ತುವುದು ಕಷ್ಟವಾಗಲಿಲ್ಲ.

ಬುಧವಾರದ ಉತ್ತರ ಬರೆಯಲು ನನಗೆ ಸಹಾಯವಾದದ್ದು ಉಮ್ಮ. ಅವರಿಗೆ ಇಂಗ್ಲಿಷ್ ಬಾರದು. ಉತ್ತರ ಬರೆಯುವ ಹಿಂದಿನ ರಾತ್ರಿ ಪಾಠವನ್ನು ಅವರಿಗೆ ಬ್ಯಾರಿಯಲ್ಲಿ ಹೇಳುತ್ತೇನೆ. ನನಗೆ ಅರ್ಥವಾಗದ ಜಾಗದಲ್ಲಿ ಕತೆ ತಾನಾಗಿ ನಿಂತುಬಿಡುತ್ತದೆ, ಉಮ್ಮ "ಆಮೇಲೆ?" ಎಂದು ಕೇಳುತ್ತಾರೆ. ಆಗ ಪುಸ್ತಕ ತೆರೆಯಲೇಬೇಕು. ಲಂಕೇಶರ ತೋಟದ ಮುದುಕನ ಕತೆ ಅವರಿಗೆ ಇಷ್ಟವಾಯಿತು. ಪಿ. ಸಾಯಿನಾಥರ ಸೈಕಲ್ ಪಾಠ ಇನ್ನೂ ಇಷ್ಟವಾಯಿತು. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯ ಹಳ್ಳಿಯ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಸೈಕಲ್ ಕಲಿತದ್ದರ ಬಗ್ಗೆ ಆ ಪಾಠ. ಅಕ್ಷರ ಕಲಿಸುವ ಚಳವಳಿಯ ಜೊತೆಗೇ ಸೈಕಲ್ ಕಲಿಕೆಯೂ ನಡೆಯಿತು. ಸೈಕಲ್ ಹತ್ತಿದವರಲ್ಲಿ ನಮ್ಮಂಥ ಮುಸ್ಲಿಂ ಮನೆಯ ಹೆಣ್ಣುಮಕ್ಕಳೂ ಇದ್ದರು. ಬಸ್ಸಿಗೆ ಕಾಯದೆ ತಮ್ಮ ಕೆಲಸಕ್ಕೆ ತಾವೇ ಹೋಗಿ ಬರುವಂತಾದರು. ಉಮ್ಮ ಕೇಳಿ ಮುಗಿಸಿ, "ಬಿದ್ದಿರಬೇಕು ತುಂಬ ಸಲ, ಅದನ್ನು ಪುಸ್ತಕದಲ್ಲಿ ಬರೆದಿಲ್ಲವಾ?" ಎಂದರು. ಮರುದಿನ ಆ ಪಾಠದ ಉತ್ತರ ಗೈಡ್ ನೋಡದೆ ಬರೆದೆ. ಮನೆಮಾತಿನಲ್ಲಿ ಹೇಳಲು ಬಂದದ್ದನ್ನು ಇಂಗ್ಲಿಷಿಗೆ ತರುವಾಗ ಪದ ಕಡಿಮೆ ಬೀಳಬಹುದು, ವಿಷಯ ಕಡಿಮೆ ಬೀಳುವುದಿಲ್ಲ.

ಪಟ್ಟಿ ತಪ್ಪುವ ದಿನಗಳು ಇದ್ದೇ ಇವೆ. ಮಾವನ ಮಗಳ ಮದುವೆಗೆ ಮೂರು ದಿನ ಹೋದವು. ತಮ್ಮನಿಗೆ ಜ್ವರ ಬಂದಾಗ ಎರಡು ದಿನ. ತಪ್ಪಿದ ಕೆಲಸವನ್ನು ಮರುದಿನದ ಮೇಲೆ ಹೇರಿದರೆ ಮರುದಿನವೂ ಕೆಡುತ್ತದೆ. ಅದಕ್ಕೆ ಭಾನುವಾರದ ಒಂದೂವರೆ ಗಂಟೆಯಲ್ಲಿ ಕೊನೆಯ ಅರ್ಧ ಗಂಟೆಯನ್ನು ಬಾಕಿಗೆಂದೇ ಬಿಟ್ಟಿದ್ದೇನೆ. ಅಕೌಂಟೆನ್ಸಿಯವರಿಗೆ ಇದು ಹೊಸದಲ್ಲ, ಬ್ಯಾಲೆನ್ಸ್ ಕೆಳಗೆ ಇಳಿಸಿ ಹೊಸ ಖಾತೆ ಶುರು ಮಾಡಿದ ಹಾಗೆ. ಅರ್ಧ ಗಂಟೆಯಲ್ಲಿ ಮುಗಿಯದ್ದನ್ನು ಅಲ್ಲಿಗೇ ಬಿಟ್ಟು ಸೋಮವಾರ ಹೊಸ ಪಾಠ ತೆರೆಯುತ್ತೇನೆ.

ಈ ಸಲ ಇನ್ನೊಂದು ಲೆಕ್ಕವೂ ಇದೆ. ಪರೀಕ್ಷೆ-1 ಶುರುವಾಗುವುದು ಫೆಬ್ರವರಿ ಕೊನೆಗೆ, ರಮಝಾನ್ ಬರುವುದು ಅದಕ್ಕೂ ಮೊದಲು. ಉಪವಾಸದಲ್ಲಿ ಪರೀಕ್ಷೆ ಬರೆಯುವುದು ನಮಗೆ ಹೊಸದಲ್ಲ, ಆದರೆ ಮಾಮೂಲಿ ಪಟ್ಟಿ ಆ ತಿಂಗಳಲ್ಲಿ ನಡೆಯುವುದಿಲ್ಲ. ತರಾವೀಹ್ ಮುಗಿಯುವಾಗ ರಾತ್ರಿ ತಡವಾಗಿರುತ್ತದೆ, ಸಹರಿಗೆ ಮತ್ತೆ ಏಳಬೇಕು. ಹಾಗಾಗಿ ಎರಡನೇ ಪಟ್ಟಿ ಈಗಲೇ ಬರೆದಿಟ್ಟಿದ್ದೇನೆ. ಬರೆಯುವ ಕೆಲಸವೆಲ್ಲ ಸಹರಿ, ಸುಬ್ಹಿ ಆದ ಕೂಡಲೇ. ಅಸರ್ ನಂತರ ಗಂಟಲು ಒಣಗಿರುವಾಗ ಗಟ್ಟಿಯಾಗಿ ಓದುವುದಿಲ್ಲ, ಒಂದು ಅಂಕದ ಪ್ರಶ್ನೆಗಳ ಮೇಲೆ ಕಣ್ಣಾಡಿಸುವುದು ಮಾತ್ರ. ರಾತ್ರಿ ಓದು ಇಲ್ಲ. ಹೊಸ ಪಾಠಗಳು ರಮಝಾನಿಗೆ ಮೊದಲೇ ಮುಗಿಯಬೇಕು, ಆ ತಿಂಗಳು ಪುನರಾವರ್ತನೆಗೆ ಮಾತ್ರ.

ಇದನ್ನು ಬರೆಯುವಾಗ ಒಂಬತ್ತು ವಾರ ಮುಗಿದಿದೆ. ಕಳೆದ ಟೆಸ್ಟಿನಲ್ಲಿ 40ಕ್ಕೆ 22 ಬಂತು. ತರಗತಿಯ ಮುಂದಿನ ಬೆಂಚಿನವರಿಗೆ ಇದು ದೊಡ್ಡ ಅಂಕವಲ್ಲ. ನನಗೆ ದೊಡ್ಡದು, ಏಕೆಂದರೆ ಅದರಲ್ಲಿ ಯಾವ ಅಂಕ ಯಾವ ದಿನದ ಕೆಲಸದಿಂದ ಬಂತು ಎಂದು ಬೆರಳಿಟ್ಟು ತೋರಿಸಬಲ್ಲೆ. ವ್ಯಾಕರಣದಲ್ಲಿ ಹೆಚ್ಚಿನವು ಸರಿ ಇದ್ದವು. 200 ಪದದ ದೊಡ್ಡ ಉತ್ತರ ಅರ್ಧಕ್ಕೆ ನಿಂತಿತ್ತು. ಆದ್ದರಿಂದ ಈಗ ಎರಡು ಬುಧವಾರಕ್ಕೊಮ್ಮೆ ನಾಲ್ಕು ಅಂಕದ ಬದಲು ಆರು ಅಂಕದ ಪ್ರಶ್ನೆ.

ಮಂಗಳವಾರದ ವಿಷಯ ಕೊನೆಗೆ ಉಳಿಸಿಕೊಂಡೆ. ಒಂದು ಅಂಕದ ಪ್ರಶ್ನೆಗಳನ್ನು ಯಾರಾದರೂ ಕೇಳಿದರೆ ಒಳ್ಳೆಯದು ಎಂದು ಅಕ್ಕನ ಕೈಗೆ ಪುಸ್ತಕ ಕೊಟ್ಟಿದ್ದೆ. ಅವಳು ಪುಸ್ತಕವನ್ನು ಪಕ್ಕದಲ್ಲಿಟ್ಟು, ಕೈ ಬೀಡಿ ಸುರುಟುತ್ತಿರುವಾಗಲೇ ಪ್ರಶ್ನೆ ಕೇಳುತ್ತಿದ್ದಳು. ನಾನು ತಡವರಿಸಿದಲ್ಲಿ ಉತ್ತರವನ್ನೂ ಅವಳೇ ಹೇಳುತ್ತಿದ್ದಳು, ಪುಟ ನೋಡದೆ. ನಾಲ್ಕನೇ ಮಂಗಳವಾರ ನಾನು ಅವಳಿಗೆ ಹೇಳಿದೆ: ಈಗ ಸಪ್ಲಿಮೆಂಟರಿ ಎಂಬುದಿಲ್ಲ, 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡುತ್ತಾರೆ. ಅವಳು ಏನೂ ಹೇಳಲಿಲ್ಲ. ಕಳೆದ ವಾರ ಕಾಲೇಜಿಗೆ ಹೊರಟಾಗ ಬಾಗಿಲ ಬಳಿ ಬಂದು, "ಹಳಬರು ಇಂಗ್ಲಿಷ್ ಮಾತ್ರ ಬರೆಯುವುದಾದರೆ ಯಾವ ಫಾರಂ, ಎಷ್ಟು ಫೀಸ್, ಆಫೀಸಿನಲ್ಲಿ ಕೇಳಿ ಬಾ. ಉಪ್ಪನಿಗೆ ಈಗ ಹೇಳಬೇಡ" ಎಂದಳು. ಕೇಳಿ ಬಂದಿದ್ದೇನೆ. ಕಾಗದ ಅವಳ ಹತ್ತಿರ ಇದೆ. ಭಾನುವಾರದ ಪ್ರಶ್ನೆಪತ್ರಿಕೆಯನ್ನು ಈಗ ಎರಡು ಪ್ರತಿ ಜೆರಾಕ್ಸ್ ಮಾಡಿಸುತ್ತೇನೆ.

ಗೆಳತಿಯರೇ, ಗೆಳೆಯರೇ, ನನ್ನ ಪಟ್ಟಿ ನಿಮಗೆ ಹಾಗೆಯೇ ಹೊಂದಲಿಕ್ಕಿಲ್ಲ. ಸಂಜೆ ಅಂಗಡಿಯಲ್ಲಿ ಕೂರುವವರಿದ್ದೀರಿ, ಬೆಳಿಗ್ಗೆ ಪೇಪರ್ ಹಾಕುವವರಿದ್ದೀರಿ, ಹಾಸ್ಟೆಲಿನಲ್ಲಿರುವವರಿದ್ದೀರಿ. ಮೊದಲು ವಾರದ ಗಂಟೆಗಳನ್ನು ಬರೆಯಿರಿ. ಪರೀಕ್ಷಾ ಮಂಡಲಿಯ ವೆಬ್‌ಸೈಟಿನಲ್ಲಿರುವ ಮಾದರಿ ಪ್ರಶ್ನೆಪತ್ರಿಕೆಯನ್ನು ಒಮ್ಮೆ ಪೂರ್ತಿ ಓದಿ, ಅದರ ಭಾಗಗಳನ್ನು ನಿಮ್ಮ ದಿನಗಳಿಗೆ ಹಂಚಿ. ಅರ್ಧ ಗಂಟೆಗಿಂತ ದೊಡ್ಡ ಕೆಲಸವನ್ನು ಒಂದು ದಿನಕ್ಕೆ ಇಡಬೇಡಿ. ಉಪನ್ಯಾಸಕರಲ್ಲಿ ಒಂದು ವಿನಂತಿ: ಬುಧವಾರ ನಾವು ಬರೆದ ಒಂದು ಉತ್ತರವನ್ನು ವಾರಕ್ಕೊಮ್ಮೆ ನೋಡಿಕೊಟ್ಟರೆ ನಮ್ಮ ಅರ್ಧ ದಾರಿ ಮುಗಿದಂತೆ.

ಶುಕ್ರವಾರ ಮಧ್ಯಾಹ್ನ ರೀಡಿಂಗ್ ರೂಮಿನ ಕಟ್ಟೆಯಲ್ಲಿ ಇನ್ನೂ ಜಾಗ ಉಂಟು. ಬನ್ನಿ, ಈ ವಾರ ರೈಲ್ವೆ ಟಿಕೆಟ್ ಕೌಂಟರಿನ ಸಂಭಾಷಣೆ. ಎಲ್ಲರಿಗೂ ಒಳ್ಳೆಯ ಫಲಿತಾಂಶ ಬರಲಿ, ಇನ್ಶಾ ಅಲ್ಲಾಹ್.