ಸೆಲ್ಫ್ ಮೋಟರ್ ಬದಲಿಸುವ ಮುನ್ನ

ಹರಿಹರದ ಆತ್ಮೀಯ ಓದುಗ ಗೆಳೆಯರಿಗೆ,

ನಿಮ್ಮ ಪತ್ರ ಸೇರಿತು. ಪಿಕಪ್ಪಿನ ಲೈಟು ಚೆನ್ನಾಗಿ ಉರಿಯುತ್ತದೆ, ಹಾರ್ನ್ ಓಣಿಗೆಲ್ಲ ಕೇಳುವಂತೆ ಕೂಗುತ್ತದೆ, ಕೀ ತಿರುಗಿಸಿದರೆ ಮಾತ್ರ ‘ಟಿಕ್’ ಅಂದು ಸುಮ್ಮನಾಗುತ್ತದೆ ಎಂದು ಬರೆದಿದ್ದೀರಿ. ಹೊಸ ಬ್ಯಾಟರಿಯೂ ಬಂದಾಯಿತು. ಈಗ ಸೆಲ್ಫ್ ಮೋಟರೇ ಹೋಗಿದೆ ಅನ್ನುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಸ್ವಲ್ಪ ತಡೀರಿ ಸ್ವಾಮಿ. ಮತ್ತೆ ದುಡ್ಡು ಬಿಚ್ಚುವ ಮೊದಲು ಬ್ಯಾಟರಿಯಿಂದ ಸೆಲ್ಫಿಗೆ ಹೋಗುವ ದಪ್ಪ ಕೇಬಲ್ಲನ್ನು ವಿಚಾರಿಸೋಣ. ವಯಸ್ಸಾದ ಗಾಡಿಯಲ್ಲಿ ನನ್ನ ಮೊದಲ ಅನುಮಾನ ಅದರ ಮೇಲೆಯೇ.

ಹಾರ್ನ್ ಕೂಗುತ್ತದೆಂದರೆ ಕರೆಂಟ್ ಇದೆ, ಹಾಗಾದರೆ ತಪ್ಪು ಮೋಟರಿನದೇ ಎಂಬುದು ಎಲ್ಲರ ತರ್ಕ. ಆದರೆ ಹಾರ್ನಿಗೆ ಐದು ಆಂಪಿಯರ್ ಇದ್ದರೆ ಹೆಚ್ಚು. ತಣ್ಣಗಿರುವ ಡೀಸೆಲ್ ಎಂಜಿನ್ನನ್ನು ತಿರುಗಿಸಲು ಸೆಲ್ಫಿಗೆ 200 ಆಂಪಿಯರ್ ಬೇಕು, ಮೊದಲ ಕ್ಷಣದಲ್ಲಿ ಇನ್ನೂ ಜಾಸ್ತಿ. ದಾರಿಯಲ್ಲಿ ಬರೀ 0.01 ಓಮ್ ತಡೆ ಸೇರಿಕೊಂಡಿದೆ ಅನ್ನಿ. ಹಾರ್ನಿನ ಲೆಕ್ಕದಲ್ಲಿ ಅದು 0.05 ವೋಲ್ಟ್ ನಷ್ಟ, ಗೊತ್ತೇ ಆಗುವುದಿಲ್ಲ. ಸೆಲ್ಫಿನ ಲೆಕ್ಕದಲ್ಲಿ ಅದೇ ತಡೆ 2 ವೋಲ್ಟ್ ನುಂಗುತ್ತದೆ, 400 ವ್ಯಾಟ್ ಶಕ್ತಿ ಕೇಬಲ್ಲನ್ನು ಕಾಯಿಸಲಿಕ್ಕೇ ಖರ್ಚಾಗುತ್ತದೆ. ನಾಲ್ಕಾರು ಸಲ ಕೀ ತಿರುಗಿಸಿದ ಮೇಲೆ ಟರ್ಮಿನಲ್ ಮುಟ್ಟಿ ನೋಡಿ; ಬಿಸಿಯಾಗಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಮೀಟರಿನ ‘ಬೀಪ್’ ನಂಬಬೇಡಿ. ಕೇಬಲ್ಲಿನ ಒಂದೇ ಒಂದು ಎಳೆ ಉಳಿದಿದ್ದರೂ ಅದು ಬೀಪ್ ಅನ್ನುತ್ತದೆ.

ಇಷ್ಟು ದಪ್ಪ ಕೇಬಲ್ ಕೆಡುವುದು ಹೇಗೆ? ಬ್ಯಾಟರಿಯೊಳಗಿನ ಗಂಧಕಾಮ್ಲದ ಹಬೆ ತಾಮ್ರಕ್ಕೆ ತಾಗಿ ಹಸಿರು-ನೀಲಿ ಕಿಲುಬು ಕಟ್ಟುತ್ತದೆ. ಟರ್ಮಿನಲ್ ಮೇಲೆ ಕಂಡದ್ದನ್ನು ಬಿಸಿನೀರು ಹಾಕಿ ತೊಳೆದುಬಿಡುತ್ತೇವೆ. ರಬ್ಬರಿನೊಳಗೆ, ಎಳೆ ಎಳೆಯ ನಡುವೆ ನುಸುಳಿದ ತೇವ ಮಾತ್ರ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಭದ್ರಾ ನಾಲೆಯ ಗದ್ದೆಗಳಿಗೆ ಗೊಬ್ಬರ ಹೊಡೆಯುತ್ತೇನೆ ಎಂದಿದ್ದೀರಲ್ಲ, ಅದೂ ಒಂದು ಕಾರಣ ಇದ್ದೀತು. ಯೂರಿಯಾ, ಡಿಎಪಿ ಪುಡಿ ಒದ್ದೆಯಾದರೆ ತಾಮ್ರಕ್ಕೆ ಒಳ್ಳೆಯದಲ್ಲ. ಅಮೋನಿಯಾಕ್ಕೂ ತಾಮ್ರಕ್ಕೂ ಮೊದಲಿಂದಲೂ ಹಗೆ. ಮಳೆಗಾಲದಲ್ಲಿ ಚಕ್ರ ಎರಚುವ ಕೆಸರು ಅದರ ಜೊತೆಗೆ.

ದಾವಣಗೆರೆಯ ಪಿ.ಬಿ. ರಸ್ತೆ ಕಡೆಯ ಗ್ಯಾರೇಜೊಂದರಲ್ಲಿ ಇಂಥದೇ ಕೇಬಲ್ ಬಿಚ್ಚಿದಾಗ ನಾನಲ್ಲಿದ್ದೆ. ಮಂಡಕ್ಕಿ ಮೂಟೆ ಸಾಗಿಸುವ ಹಳೇ ಗಾಡಿ. ಹೊರಗಿಂದ ನೋಡಿದರೆ ಕೇಬಲ್ಲಿಗೆ ಏನೂ ಆಗಿರಲಿಲ್ಲ. ಟರ್ಮಿನಲ್ ಹತ್ತಿರ ಕೈಯಲ್ಲಿ ಹಿಡಿದು ಬಗ್ಗಿಸಿದಾಗ ಒಳಗೆ ಮರಳು ಹೊಸಕಿದಂಥ ಸದ್ದು. ಎಲೆಕ್ಟ್ರಿಷಿಯನ್ ಬ್ಲೇಡಿನಿಂದ ರಬ್ಬರ್ ಸೀಳಿದ. ಒಂದು ಗೇಣಿನಷ್ಟು ಉದ್ದಕ್ಕೆ ಕೆಂಪು ತಾಮ್ರವೇ ಇಲ್ಲ. ಕಪ್ಪಗಾದ ಎಳೆಗಳು, ಮಧ್ಯೆ ಹಸಿರು ಹಿಟ್ಟು. ಕೊಡವಿದರೆ ಅರ್ಧ ಎಳೆಗಳು ಪುಡಿಯಾಗಿ ಅಂಗೈಗೆ ಬಿದ್ದವು.

ನಿಮ್ಮ ಗಾಡಿಯಲ್ಲಿ ಸೀಳದೆಯೇ ತಿಳಿಯಬಹುದು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಕೆಂಪು ಮುಳ್ಳನ್ನು ಬ್ಯಾಟರಿಯ ಪ್ಲಸ್ ಸೀಸದ ಕಂಬದ ಮೇಲೆ ಒತ್ತಿ, ಕ್ಲ್ಯಾಂಪಿನ ಮೇಲಲ್ಲ. ಕಪ್ಪು ಮುಳ್ಳು ಸೆಲ್ಫಿನ ದಪ್ಪ ಬೋಲ್ಟಿಗೆ. ಮಗನಿಗೆ ಕೀ ತಿರುಗಿಸಲು ಹೇಳಿ, ಹತ್ತು ಸೆಕೆಂಡ್ ಮೀರದಿರಲಿ. ಅರ್ಧ ವೋಲ್ಟಿನೊಳಗೆ ಇದ್ದರೆ ಆ ಕೇಬಲ್ ತಪ್ಪಿತಸ್ಥ ಅಲ್ಲ. ಒಂದು ದಾಟಿದರೆ ಮುಲಾಜಿಲ್ಲದೆ ಬದಲಿಸಿ. ಹಾಗೆಯೇ ಮೈನಸ್ ಕಂಬದಿಂದ ಎಂಜಿನ್ ಬ್ಲಾಕಿನ ಬೋಳು ಕಬ್ಬಿಣಕ್ಕೆ ಅಳೆಯಿರಿ, 0.3ರ ಒಳಗಿರಬೇಕು. ಹೋದಷ್ಟೇ ಕರೆಂಟ್ ವಾಪಸೂ ಬರಬೇಕಲ್ಲ. ಬಾಡಿ ಅರ್ತ್ ಪಟ್ಟಿ ತುಕ್ಕು ಹಿಡಿದು ಗಾಡಿ ನಿಂತದ್ದು ಎಷ್ಟೋ. ಎರಡೂ ಕಡೆ ಸೊನ್ನೆ ಹತ್ತಿರ ಇದ್ದು, ಬ್ಯಾಟರಿ 12 ವೋಲ್ಟಿನ ಮೇಲೇ ನಿಂತು, ಮೋಟರ್ ಅಲುಗದಿದ್ದರೆ ಆಗ ಮಾತ್ರ ಸೊಲೆನಾಯ್ಡ್, ಕಾರ್ಬನ್ ಬ್ರಶ್ ಕಡೆ ಹೋಗಿ. ದಯವಿಟ್ಟು ಸ್ಕ್ರೂಡ್ರೈವರ್ ಇಟ್ಟು ಸೆಲ್ಫ್ ‘ಡೈರೆಕ್ಟ್’ ಮಾಡಬೇಡಿ. ಗೇರಿನಲ್ಲಿದ್ದ ಗಾಡಿ ಮೈಮೇಲೆ ಬಂದೀತು.

ಕೇಬಲ್ ಬದಲಿಸುವುದಾದರೆ ಅಂಗಡಿಯಲ್ಲೇ ಎಚ್ಚರ ಶುರುವಾಗಲಿ. ಹಳೆಯದಕ್ಕಿಂತ ತೆಳುವಾದದ್ದು ಬೇಡ. ಡೀಸೆಲ್ ಪಿಕಪ್ಪಿಗೆ 50 ಚದರ ಮಿಲಿಮೀಟರಿನದು ತೆಗೆದುಕೊಂಡರೆ ಚಿಂತೆಯಿಲ್ಲ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯೂ ಮಾರಾಟಕ್ಕಿದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ, ಒಳಗೆ ಬಿಳಿ ಕಂಡರೆ ವಾಪಸ್ ಕೊಡಿ. ಅಲ್ಯೂಮಿನಿಯಂ ಕರೆಂಟ್ ಒಯ್ಯುವುದು ತಾಮ್ರದ ಶೇಕಡಾ 61ರಷ್ಟು ಮಾತ್ರ. ಪಂಪ್‌ಸೆಟ್ ಸಾಮಾನಿನ ಅಂಗಡಿಯಲ್ಲಿ ಕೇಬಲ್ಲಿನ ತುದಿಗೆ ಹಾಕುವ ಲಗ್ ಕೇಳಿದರೆ ಕೈಗೆ ಬರುವುದು ಬಹುಪಾಲು ಅಲ್ಯೂಮಿನಿಯಂನದು. ತವರ ಲೇಪಿಸಿದ ತಾಮ್ರದ ಲಗ್ಗೇ ಬೇಕು ಅನ್ನಿ. ಎರಡು ಲೋಹ ಒಟ್ಟಿಗೆ ಒದ್ದೆಯಾದರೆ ಕಿಲುಬಿನ ಕತೆ ಮತ್ತೆ ಮೊದಲಿಂದ.

ನಿಜವಾದ ಕಸುಬು ಇರುವುದು ಲಗ್ ಒತ್ತುವುದರಲ್ಲಿ. ಸುತ್ತಿಗೆ-ಉಳಿಯಿಂದ ಜಜ್ಜಿದರೆ ಒಳಗೆ ಸಂದು ಉಳಿಯುತ್ತದೆ. ಪ್ಯಾನೆಲ್ ಬೋರ್ಡ್ ಕಟ್ಟುವವರ ಹತ್ತಿರ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್ ಇರುತ್ತದೆ, ಅಲ್ಲಿಗೆ ಒಯ್ಯಿರಿ. ಒತ್ತಿದ ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿಸಿದರೆ ತೇವ ನುಗ್ಗುವ ಬಾಗಿಲೇ ಮುಚ್ಚಿತು. ತಂತಿಯ ತುದಿ ಬೋಳಿಸಿ ಎರಡು ಬೋಲ್ಟಿನ ನಡುವೆ ಕಚ್ಚಿಸುವ ರೆಡಿಮೇಡ್ ಟರ್ಮಿನಲ್ ಅವತ್ತಿನ ಮಟ್ಟಿಗೆ ಸರಿ, ಖಾಯಂ ಬೇಡ.

ಬಿಚ್ಚುವಾಗ ಮೈನಸ್ ಮೊದಲು, ಕಟ್ಟುವಾಗ ಮೈನಸ್ ಕೊನೆಗೆ. ಮೈನಸ್ ಕಟ್ಟಿಕೊಂಡೇ ಇದ್ದು, ಪ್ಲಸ್ ಬಿಚ್ಚುವ ಪಾನಾ ಬಾಡಿಗೆ ತಾಗಿದರೆ ಪಾನಾ ಕೆಂಪಗೆ ಕಾಯುತ್ತದೆ. ಹೊಸ ಕೇಬಲ್ ಹಳೆಯ ದಾರಿಯಲ್ಲೇ ಹೋಗಲಿ, ಸೈಲೆನ್ಸರ್ ಪೈಪಿಗೆ ದೂರವಿರಲಿ, ಕ್ಲಿಪ್ಪು, ರಬ್ಬರ್ ಬುಶ್ ಒಂದೂ ಬಿಡಬೇಡಿ. ಸಾಮಾನ್ಯವಾಗಿ ಈ ಕೇಬಲ್ಲಿಗೆ ಫ್ಯೂಸ್ ಇರುವುದಿಲ್ಲ. ಚಾಸಿಗೆ ಉಜ್ಜಿ ರಬ್ಬರ್ ಹರಿದರೆ ಬೆಂಕಿಯೇ. ಸೆಲ್ಫಿನ ಬೋಲ್ಟಿನಲ್ಲಿ ಒಳನಟ್ಟನ್ನು ಒಂದು ಪಾನಾದಲ್ಲಿ ಹಿಡಿದು ಹೊರನಟ್ಟು ಬಿಗಿ ಮಾಡಿ, ಇಲ್ಲವಾದರೆ ಬೋಲ್ಟೇ ತಿರುಗಿ ಸೊಲೆನಾಯ್ಡಿನ ಒಳಗೆ ಮುರಿಯುತ್ತದೆ. ಲಗ್ ಕೂರುವ ಜಾಗಗಳನ್ನು ಎಮರಿ ಕಾಗದದಲ್ಲಿ ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ.

ಇಷ್ಟೆಲ್ಲ ಯಾಕೆ, ಬ್ಯಾಟರಿ, ಕೇಬಲ್, ಸೆಲ್ಫ್ ಮೂರನ್ನೂ ಹೊಸದು ಹಾಕಿಸಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ನಿಮ್ಮೂರಿಗೆ ಆ ಮಾತು ಒಪ್ಪುವುದಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಹರಿಹರದಿಂದ ದೇಶಕ್ಕೆಲ್ಲ ಲೇತ್ ಕಳಿಸಿತು. ಕೂದಲೆಳೆ ದಪ್ಪವನ್ನೂ ಮೈಕ್ರೋಮೀಟರಿನಲ್ಲಿ ನೋಡಿ ಸರಿ-ತಪ್ಪು ಹೇಳುವ ಕೆಲಸ ಅದು. ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು. ಆದರೂ ಅಳತೆ ಕಲಿತ ಊರಿನಲ್ಲಿ ಅಂದಾಜಿನ ಮೇಲೆ ಸಾಮಾನು ಬದಲಿಸುವುದು ಚೆನ್ನಲ್ಲ. ಒಳ್ಳೆಯ ಮೆಕ್ಯಾನಿಕ್ಕು ಮೊದಲು ಮೀಟರ್ ತೆಗೆಯುತ್ತಾನೆ, ಆಮೇಲೆ ಪಾನಾ.

ಹಾಗಾಗಿ ಮುಂದಿನ ಪತ್ರದಲ್ಲಿ ನನಗೆ ಎರಡು ಅಂಕಿ ಬೇಕು: ಪ್ಲಸ್ ಕಡೆ ಎಷ್ಟು, ಮೈನಸ್ ಕಡೆ ಎಷ್ಟು. ಅವು ಬರುವ ತನಕ ಸೆಲ್ಫಿಗೆ ಅಡ್ವಾನ್ಸ್ ಕೊಡಬೇಡಿ.

ಇಂತಿ,
ದಾವಣಗೆರೆಯ ನಿಮ್ಮ ಗೆಳೆಯ