ಅರ್ಜಿಯಲ್ಲಿ ತಮಟೆ ಇಲ್ಲ

ಶಾಸ್ತ್ರೀಯ ವಾದ್ಯಗಳ ಆನ್‌ಲೈನ್ ಸ್ಪರ್ಧೆಯೊಂದಕ್ಕೆ ನಮ್ಮಕ್ಕನ ಮಗನ ಹೆಸರು ಸೇರಿಸೋಣ ಅಂತ ಅರ್ಜಿ ತೆರೆದೆ. ವೀಣೆ, ಪಿಟೀಲು, ಕೊಳಲು, ಮೃದಂಗ ಇದ್ದವು. ತಮಟೆ ಇರಲಿಲ್ಲ. ಫೋನ್ ಮಾಡಿದ್ರೆ, "ಸಾರ್, ಅದು ಜಾನಪದ" ಅಂದರು.

ಮೃದಂಗಕ್ಕೆ ಬಿಗಿಯೋದೂ ಹಸು, ಎಮ್ಮೆ, ಆಡಿನ ಚರ್ಮವೇ ಅಲ್ವಾ? ಅದನ್ನು ತಯಾರಿಸುವವರಲ್ಲಿ ಎಷ್ಟೋ ಜನ ದಲಿತ ಕ್ರೈಸ್ತರು ಅಂತ ಟಿ.ಎಂ. ಕೃಷ್ಣ 2020ರಲ್ಲೇ 'ಸೆಬಾಸ್ಟಿಯನ್ ಅಂಡ್ ಸನ್ಸ್' ಪುಸ್ತಕ ಬರೆದು ತೋರಿಸಿದ್ದಾರೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ಇದೇ ತಮಟೆ ಬಾರಿಸಿದ್ದಕ್ಕೆ. ದೇಶ ಒಪ್ಪಿದ ವಾದ್ಯಕ್ಕೆ ಅರ್ಜಿಯಲ್ಲಿ ಒಂದು ಸಾಲು ಇಲ್ಲ.

ಹುಡುಗನ ವಿಡಿಯೋ ಇಮೇಲ್‌ನಲ್ಲೇ ಕಳಿಸಿದ್ದೀವಿ. ವಾದ್ಯ: ತಮಟೆ. ಬೇಡ ಅನ್ನೋದಾದ್ರೆ ಕಾರಣ ಬರೆದು ಕೊಡ್ಲಿ. ನಾನೂ ಗುಮಾಸ್ತ, ಫೈಲ್ ಮಾಡಿ ಇಟ್ಕೋತೀನಿ.

ಜೈಭೀಮ್.